ಮುಟ್ಟಿ ನೋಡದ ಗಿರಾಕಿಗೆ ನಿಮ್ಮ ಹೆಸರೇ ಆಧಾರ: ಆನ್‌ಲೈನ್ ಮಾರಾಟಗಾರರಿಗೆ ಸಮಗ್ರ ಮಾರ್ಗದರ್ಶಿ

ಇಳಕಲ್‌ನ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತ ಗಿರಾಕಿ ಸೀರೆ ಕೊಳ್ಳುವ ಮೊದಲು ಏನೇನು ಮಾಡುತ್ತಾರೆಂದು ನೆನಪಿಸಿಕೊಳ್ಳಿ. ಮಡಿಕೆ ಬಿಚ್ಚಿಸುತ್ತಾರೆ. ದಡಿಯನ್ನು ಎರಡು ಬೆರಳುಗಳ ನಡುವೆ ಹಿಡಿದು ತಿಕ್ಕುತ್ತಾರೆ. ಸೆರಗನ್ನು ಬಾಗಿಲ ಬೆಳಕಿಗೆ ಒಡ್ಡುತ್ತಾರೆ. ಒಡಲು ಮತ್ತು ಸೆರಗು ಕೂಡುವ ಜಾಗದಲ್ಲಿ ಕೊಂಡಿ ಸರಿಯಾಗಿ ಬಿದ್ದಿದೆಯೇ ಎಂದು ಉಗುರಿನಿಂದ ಸವರಿ ನೋಡುತ್ತಾರೆ. ಇಷ್ಟೆಲ್ಲ ಆದ ಮೇಲೂ ಪಕ್ಕದಲ್ಲಿ ಕುಳಿತ ಅತ್ತಿಗೆಯ ಮುಖ ನೋಡಿಯೇ ದರದ ಮಾತಿಗೆ ಇಳಿಯುತ್ತಾರೆ.

ಅದೇ ಸೀರೆಯನ್ನು ಮೊಬೈಲ್ ಪರದೆಯ ಮೇಲೆ ನೋಡುವವರಿಗೆ ಬೆರಳಿಲ್ಲ, ಬೆಳಕಿಲ್ಲ, ಅತ್ತಿಗೆಯೂ ಇಲ್ಲ. ಅವರ ಕೈಗೆ ಸಿಗುವುದು ನಾಲ್ಕು ಫೋಟೋ, ಒಂದಿಷ್ಟು ವಿವರಣೆ, ಕೆಲವು ನಕ್ಷತ್ರಗಳು ಮತ್ತು ಹಿಂದೆ ಕೊಂಡವರು ಬರೆದಿಟ್ಟ ಮಾತು. ಅಪರಿಚಿತನೊಬ್ಬನಿಗೆ ಹಣ ಕಳಿಸಬಹುದೇ ಎಂದು ಅವರು ತೀರ್ಮಾನಿಸುವುದು ಇಷ್ಟರಿಂದಲೇ.

ನಾನು ಕೆಲವು ವರ್ಷಗಳಿಂದ ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ನೇಯುವವಳಲ್ಲ, ನೇಯುವವರಿಂದ ಕೊಂಡು, ಊರೂರಿಗೆ ಕಳಿಸುವವಳು. ನನ್ನ ಅನುಭವದಲ್ಲಿ ಮಾರಾಟಗಾರರ ಹೆಸರು ಕೆಡುವುದು ದೂರು ಬಂದ ದಿನವಲ್ಲ, ಸರಕಿನ ವಿವರಣೆ ಬರೆದ ದಿನ. ದೂರು ಬರುವ ಹೊತ್ತಿಗೆ ಕೆಡಬೇಕಾದದ್ದು ಕೆಟ್ಟಾಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಬಹುಭಾಗ ಮಾರಾಟಕ್ಕೆ ಮುಂಚಿನ ಕೆಲಸಗಳನ್ನು ಕುರಿತದ್ದು. ಸೀರೆಯ ಉದಾಹರಣೆ ಕೊಟ್ಟಿದ್ದೇನೆ. ಜೇನುತುಪ್ಪ, ಬೊಂಬೆ, ಉಪ್ಪಿನಕಾಯಿ ಮಾರುವವರಿಗೂ ದಾರಿ ಇದೇ.

ಹೆಸರಿಗೆ ಬೆಲೆ ಎಷ್ಟು

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಲೇಖನ ಬರೆದರು. ಯಾವ ಕಾರು ಚೆನ್ನಾಗಿದೆ, ಯಾವುದು ಕೆಟ್ಟಿದೆ ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಕೊಳ್ಳುವವನು ಎರಡಕ್ಕೂ ನಡುವಿನ ಒಂದು ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಕೊಡಲೊಲ್ಲ, ಮಾರುಕಟ್ಟೆ ಬಿಟ್ಟು ಹೋಗುತ್ತಾನೆ. ಉಳಿಯುವುದು ಕೆಟ್ಟ ಕಾರುಗಳು ಮಾತ್ರ. ಮಾಹಿತಿಯ ಈ ಅಸಮತೆಯನ್ನು ವಿವರಿಸಿದ್ದಕ್ಕಾಗಿ 2001ರಲ್ಲಿ ಇನ್ನಿಬ್ಬರೊಂದಿಗೆ ಅವರಿಗೆ ನೊಬೆಲ್ ಬಂತು. ಕೈಮಗ್ಗದ ಸೀರೆ ಮಾರುವ ಯಾರಿಗಾದರೂ ಈ ಕಥೆ ಹೊಸದಲ್ಲ. ಪವರ್‌ಲೂಮ್‌ನಲ್ಲಿ ಇಳಕಲ್ ವಿನ್ಯಾಸ ನೇಯ್ದು ಕೈಮಗ್ಗವೆಂದು ಮಾರುವವರ ಪಕ್ಕದಲ್ಲೇ ನಿಜವಾದ ಕೈಮಗ್ಗದ ಸೀರೆ ನಿಲ್ಲಬೇಕು, ಫೋಟೋದಲ್ಲಿ ಎರಡೂ ಒಂದೇ. ಗಿರಾಕಿ ಎರಡಕ್ಕೂ ಒಂದೇ ದರ ಕೇಳಿದರೆ ನೇಕಾರರ ಮನೆಯ ಮಗ್ಗ ನಿಲ್ಲುತ್ತದೆ.

ಈ ಗಂಟನ್ನು ಬಿಡಿಸಲೆಂದೇ ಮಾರಾಟಗಾರರಿಗೆ ಅಂಕ ಕೊಡುವ ಪದ್ಧತಿ ಬಂದದ್ದು. ಪಿಯರ್ ಒಮಿಡ್ಯಾರ್ 1995ರಲ್ಲಿ ಆರಂಭಿಸಿದ, ಮುಂದೆ ಇಬೇ ಎಂದು ಹೆಸರಾದ ಹರಾಜಿನ ತಾಣ 1996ರಲ್ಲಿ ಕೊಂಡವರೂ ಮಾರಿದವರೂ ಪರಸ್ಪರರ ಬಗ್ಗೆ ಬರೆಯಲು ಅವಕಾಶ ಕೊಟ್ಟಿತು. ಆ ತಾಣದಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ಕೆಟ್ಟಿದೆ ಎಂದು ಹೇಳಿಯೇ ಮಾರಿದ್ದು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಹೆಸರಿನ ಬೆಲೆಯನ್ನು ಅಳೆದು ನೋಡಿದವರೂ ಇದ್ದಾರೆ. ಸಂಶೋಧಕ ಪಾಲ್ ರೆಸ್ನಿಕ್ ಮತ್ತು ಜೊತೆಗಾರರು ಇಬೇಯಲ್ಲಿ ಹಳೆಯ ಪೋಸ್ಟ್‌ಕಾರ್ಡ್‌ಗಳನ್ನು ಮಾರಿಸಿ ನೋಡಿದರು. ಮಾರುವವನು ಒಬ್ಬನೇ, ಸರಕೂ ಒಂದೇ ಬಗೆಯದು. ಆದರೆ ಕೆಲವನ್ನು ಒಳ್ಳೆಯ ಹೆಸರಿನ ಹಳೆಯ ಖಾತೆಯಿಂದ, ಕೆಲವನ್ನು ಹೊಸ ಖಾತೆಗಳಿಂದ ಮಾರಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹಳೆಯ ಖಾತೆಗೆ ಕೊಳ್ಳುವವರು ಶೇ 8.1ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ಎರಡು ಸಾವಿರ ರೂಪಾಯಿಯ ಸೀರೆಗೆ ಈ ಲೆಕ್ಕ ಹಾಕಿದರೆ ನೂರ ಅರವತ್ತು ರೂಪಾಯಿ ದಾಟುತ್ತದೆ. ಸಣ್ಣ ಮಾರಾಟಗಾರರ ಪಾಲಿಗೆ ಕೆಲವೊಮ್ಮೆ ಇಡೀ ಲಾಭವೇ ಅಷ್ಟಿರುತ್ತದೆ.

ಮೊದಲ ಹೆಜ್ಜೆ: ನಿಮ್ಮನ್ನು ತೂಗುವವರು ಇಬ್ಬರು ಎಂದು ತಿಳಿಯಿರಿ

ಒಬ್ಬರು ಗಿರಾಕಿ. ಇನ್ನೊಂದು, ಮಾರುಕಟ್ಟೆ ತಾಣದ ಯಂತ್ರ. ಗಿರಾಕಿ ನಕ್ಷತ್ರ ನೋಡುತ್ತಾರೆ. ಯಂತ್ರ ನೀವು ತಡಮಾಡಿದ್ದು, ಆರ್ಡರ್ ರದ್ದು ಮಾಡಿದ್ದು, ದೂರು ಬಂದದ್ದು ಎಲ್ಲವನ್ನೂ ಎಣಿಸುತ್ತದೆ. ಅದರ ಲೆಕ್ಕ ಕೆಟ್ಟರೆ ನಿಮ್ಮ ಸರಕು ಹುಡುಕಾಟದಲ್ಲಿ ಕೆಳಗೆ ಇಳಿಯುತ್ತದೆ, ಇನ್ನೂ ಕೆಟ್ಟರೆ ಖಾತೆಯೇ ನಿಲ್ಲುತ್ತದೆ.

ಅಮೆಜಾನ್‌ನ ಮಾರಾಟಗಾರರ ಖಾತೆಯಲ್ಲಿ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಿ. ದೋಷವಿರುವ ಆರ್ಡರ್‌ಗಳ ಪ್ರಮಾಣ ಶೇ 1ಕ್ಕಿಂತ ಕಡಿಮೆ ಇರಬೇಕು. ಒಂದು ಅಥವಾ ಎರಡು ನಕ್ಷತ್ರದ ಅಭಿಪ್ರಾಯ, ಖರೀದಿ ಖಾತರಿಯಡಿ ಬಂದ ಹಣ ವಾಪಸಾತಿಯ ಬೇಡಿಕೆ, ಕಾರ್ಡ್ ಕಂಪನಿಯ ಮೂಲಕ ಹಿಂದಕ್ಕೆ ಪಡೆದ ಹಣ ಇವೆಲ್ಲ ದೋಷದ ಲೆಕ್ಕಕ್ಕೆ ಸೇರುತ್ತವೆ. ನೀವೇ ರವಾನಿಸುವ ಆರ್ಡರ್‌ಗಳಲ್ಲಿ ರವಾನೆಗೆ ಮುಂಚೆ ನೀವಾಗಿ ರದ್ದು ಮಾಡಿದವು ಶೇ 2.5ಕ್ಕಿಂತಲೂ, ತಡವಾಗಿ ರವಾನಿಸಿದವು ಶೇ 4ಕ್ಕಿಂತಲೂ ಕಡಿಮೆ ಇರಬೇಕು. ಉಳಿದ ತಾಣಗಳಲ್ಲಿ ಅಂಕಿಗಳು ಬೇರೆಯಾದರೂ ಎಣಿಸುವ ಸಂಗತಿಗಳು ಹೆಚ್ಚುಕಡಿಮೆ ಇವೇ.

ಈ ಶೇಕಡಾವಾರು ಲೆಕ್ಕ ಚಿಕ್ಕ ಮಾರಾಟಗಾರರ ಮೇಲೆ ಕಠಿಣ. ದೋಷದ ಪ್ರಮಾಣವನ್ನು 60 ದಿನಗಳ ಅವಧಿಗೆ ಎಣಿಸುತ್ತಾರೆ. ಆ ಅವಧಿಯಲ್ಲಿ ನಿಮಗೆ 40 ಆರ್ಡರ್ ಬಂದು ಒಂದು ಕೆಟ್ಟರೂ ಪ್ರಮಾಣ ಶೇ 2.5 ಆಯಿತು. ಸಾವಿರಗಟ್ಟಲೆ ಮಾರುವವನಿಗೆ ಒಂದು ದೂರು ಏನೂ ಅಲ್ಲ. ನಮಗೆ ಪ್ರತಿಯೊಂದು ಆರ್ಡರ್ ಕೂಡ ಪರೀಕ್ಷೆ.

ನಕ್ಷತ್ರದ ಲೆಕ್ಕವೂ ಹಾಗೆಯೇ. ನಾಲ್ಕು ಮಂದಿ ಐದು ನಕ್ಷತ್ರ ಕೊಟ್ಟು ಒಬ್ಬರು ಒಂದೇ ನಕ್ಷತ್ರ ಕೊಟ್ಟರೆ ಸರಾಸರಿ 4.2ಕ್ಕೆ ಇಳಿಯುತ್ತದೆ. ಅದನ್ನು 4.8ಕ್ಕೆ ಏರಿಸಲು ಸತತವಾಗಿ ಇನ್ನೂ 15 ಮಂದಿ ಐದು ನಕ್ಷತ್ರ ಕೊಡಬೇಕು. ಕೊಂಡವರಲ್ಲಿ ಬಹುಪಾಲು ಜನ ಏನನ್ನೂ ಬರೆಯುವುದಿಲ್ಲ. ಹಾಗಾಗಿ ಆ 15 ಮಂದಿಗಾಗಿ ನೀವು ನೂರಾರು ಸೀರೆ ಮಾರಬೇಕಾದೀತು.

ಎರಡನೆಯ ಹೆಜ್ಜೆ: ಸರಕನ್ನು ನೀವೇ ಪರೀಕ್ಷಿಸಿ

ನಾನು ಪೆಟ್ಟು ತಿಂದದ್ದು ಇಲ್ಲಿಯೇ. ಶುರುವಿನ ದಿನಗಳಲ್ಲಿ ಒಬ್ಬ ಸಗಟು ವ್ಯಾಪಾರಿಯಿಂದ ಒಂದು ಗಂಟು ಸೀರೆ ತಂದೆ. ದಡಿ ರೇಷ್ಮೆ ಎಂದು ಅವರು ಹೇಳಿದರು, ನಾನೂ ಹಾಗೆಯೇ ಬರೆದೆ. ಏಳು ಸೀರೆ ಮಾರಾಟವಾದವು. ಏಳನೆಯದನ್ನು ಕೊಂಡ ತಾಯಿ ದಡಿಯ ಒಂದು ಎಳೆ ಕಿತ್ತು ಸುಟ್ಟು ನೋಡಿದರು. ಕೂದಲು ಸುಟ್ಟ ವಾಸನೆ ಬರಲಿಲ್ಲ, ಕಾಗದ ಸುಟ್ಟ ವಾಸನೆ ಬಂತು. ಅದು ರೇಷ್ಮೆಯಲ್ಲ, ರೇಯಾನ್. ಒಂದೇ ನಕ್ಷತ್ರ ಕೊಟ್ಟು, “ಇಳಕಲ್ ಎಂಬ ಹೆಸರಿಗಾದರೂ ಮರ್ಯಾದೆ ಕೊಡಿ” ಎಂದು ಬರೆದರು. ಆ ವಾಕ್ಯ ನನ್ನನ್ನು ಎರಡು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ, ಏಕೆಂದರೆ ಅದು ನ್ಯಾಯವಾಗಿತ್ತು. ಸುಳ್ಳು ವ್ಯಾಪಾರಿಯದೇ ಇರಬಹುದು. ಬರೆದು ಮಾರಿದವಳು ನಾನು. ತಾಣದ ಸಂದೇಶದ ಮೂಲಕವೇ ಏಳೂ ಮಂದಿಗೆ ಸತ್ಯ ತಿಳಿಸಿ, ಬೇಕಾದವರು ಹಿಂದಿರುಗಿಸಿ ಪೂರ್ಣ ಹಣ ಪಡೆಯಬಹುದು ಎಂದೆ. ಮೂವರು ಹಿಂದಿರುಗಿಸಿದರು. ನಾಲ್ವರು ಇಟ್ಟುಕೊಂಡರು, ಅವರಲ್ಲಿ ಇಬ್ಬರು ಇಂದಿಗೂ ನನ್ನ ಗಿರಾಕಿಗಳು.

ಅಂದಿನಿಂದ ಯಾವ ಗಂಟು ಬಂದರೂ ಈ ಪರೀಕ್ಷೆಗಳಿಲ್ಲದೆ ಒಂದು ಸೀರೆಯೂ ಫೋಟೋಗೆ ಹೋಗುವುದಿಲ್ಲ.

ಒಡಲು, ದಡಿ, ಸೆರಗು ಮೂರರಿಂದಲೂ ಒಂದೊಂದು ಎಳೆ ತೆಗೆದು ಸುಡಿ. ಕೂದಲಿನ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದದ ವಾಸನೆ ಬಂದರೆ ಹತ್ತಿ ಅಥವಾ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್‌ನಂತಹ ಕೃತಕ ನೂಲು. ಬಿಳಿಯ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಸೆರಗಿನ ಕೆಂಪಿನ ಮೇಲೆ ತಿಕ್ಕಿ. ಬಣ್ಣ ಬಿಡುವುದಾದರೆ ಅಲ್ಲೇ ಗೊತ್ತಾಗುತ್ತದೆ. ಟೇಪು ಹಿಡಿದು ಉದ್ದ, ಅಗಲ ಅಳೆಯಿರಿ. ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿದು ಕಲೆ, ಹರಿದ ಎಳೆ, ಬಿಟ್ಟ ಕೊಂಡಿ ಇದೆಯೇ ನೋಡಿ.

ಕಾಗದಪತ್ರಗಳನ್ನೂ ಇದೇ ಹೊತ್ತಿನಲ್ಲಿ ಸರಿಮಾಡಿಕೊಳ್ಳಿ. ಶುದ್ಧ ರೇಷ್ಮೆ ಎಂದು ಹೇಳುವುದಾದರೆ ಸಿಲ್ಕ್ ಮಾರ್ಕ್ ಇದೆಯೇ, ಕೈಮಗ್ಗ ಎನ್ನುವುದಾದರೆ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ನೋಡಿ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇರುವುದರಿಂದ ಬೇರೆಡೆ ನೇಯ್ದದ್ದಕ್ಕೆ ಆ ಹೆಸರು ಹಚ್ಚುವುದು ಸುಳ್ಳಷ್ಟೇ ಅಲ್ಲ, ಕಾನೂನಿನ ಪ್ರಕಾರವೂ ತಪ್ಪು. ತಿನಿಸು ಮಾರುವವರಿಗೆ ಆಹಾರ ಸುರಕ್ಷತೆಯ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದರ 14 ಅಂಕಿಗಳ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಚನ್ನಪಟ್ಟಣದ ಬೊಂಬೆ ಮಾರುವವರು ಆಟಿಕೆಗಳ ಬಗ್ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟದ ನಿಯಮವನ್ನೂ, ನೋಂದಾಯಿತ ಕುಶಲಕರ್ಮಿಗಳಿಗೆ ಅದರಲ್ಲಿರುವ ವಿನಾಯಿತಿಯನ್ನೂ ಓದಿಕೊಂಡಿರಬೇಕು.

ಮೂರನೆಯ ಹೆಜ್ಜೆ: ವಿವರಣೆಯಲ್ಲಿ ಕುಂದನ್ನೂ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. “ಉತ್ಕೃಷ್ಟ ಗುಣಮಟ್ಟದ ಆಕರ್ಷಕ ಪಾರಂಪರಿಕ ಸೀರೆ” ಎಂಬ ಸಾಲು ಗಿರಾಕಿಗೆ ಏನನ್ನೂ ಹೇಳುವುದಿಲ್ಲ. ಅಂತಹ ಸಾಲು ಓದಿ ಕೊಂಡವರು ತಮ್ಮ ಮನಸ್ಸಿನಲ್ಲೇ ಒಂದು ಸೀರೆ ನೇಯ್ದುಕೊಂಡಿರುತ್ತಾರೆ. ಆ ಸೀರೆಯನ್ನು ಕಳಿಸಲು ಯಾರಿಂದಲೂ ಆಗದು.

ಅಂಗಡಿಯಲ್ಲಿ ಗಿರಾಕಿ ಕೇಳುವ ಪ್ರಶ್ನೆಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದಕ್ಕೂ ನೇರ ಉತ್ತರ ಬರೆಯಿರಿ. ನನ್ನ ಒಂದು ಸೀರೆಯ ವಿವರಣೆ ಹೀಗಿದೆ:

“ಒಡಲು ಹತ್ತಿ. ದಡಿ ಮತ್ತು ಸೆರಗು ರೇಯಾನ್, ಅಂದರೆ ಅಂಗಡಿಗಳಲ್ಲಿ ಆರ್ಟ್ ಸಿಲ್ಕ್ ಎನ್ನುವ ನೂಲು, ಇದು ರೇಷ್ಮೆಯಲ್ಲ. ಕೈಮಗ್ಗದಲ್ಲಿ ನೇಯ್ದದ್ದು. ಕೆಂಪು ಬಿಳುಪಿನ, ಟೋಪ್ ತೆನೆ ಎಂಬ ಇಳಕಲ್ ವಿನ್ಯಾಸದ ಸೆರಗು. ಸೆರಗಿನ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸಿರುವುದರಿಂದ ಜೋಡಣೆಯ ಗೆರೆ ಹಿಂಬದಿಯಲ್ಲಿ ಕಾಣುತ್ತದೆ. ಉದ್ದ ಐದೂವರೆ ಮೀಟರ್. ರವಿಕೆ ಬಟ್ಟೆ ಇದರೊಂದಿಗೆ ಇಲ್ಲ. ಅಂಚಿನಲ್ಲಿ ಕಾಣುವ ಸೂಜಿಮೊನೆಯಷ್ಟು ತೂತುಗಳು ಮಗ್ಗದ ಮೇಲೆ ಬಟ್ಟೆಯನ್ನು ಅಗಲಕ್ಕೆ ಬಿಗಿಹಿಡಿದ ಗುರುತು. ಅಲ್ಲಲ್ಲಿ ನೂಲಿನ ಸಣ್ಣ ಗಂಟು ಸಿಗಬಹುದು. ಮೊದಲ ಎರಡು ಮೂರು ಒಗೆತದಲ್ಲಿ ಕೆಂಪು ಸ್ವಲ್ಪ ಬಿಡುತ್ತದೆ, ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ.”

ಇದನ್ನು ಮೊದಲು ಓದಿದ ನನ್ನ ತಮ್ಮ, ಹೀಗೆ ಬರೆದರೆ ಯಾರು ಕೊಳ್ಳುತ್ತಾರೆ ಎಂದು ಕೇಳಿದ. ಮೊದಲ ತಿಂಗಳು ಮಾರಾಟ ಸ್ವಲ್ಪ ಇಳಿದದ್ದೂ ನಿಜ. ಆದರೆ ಹಿಂದಿರುಗಿ ಬರುವ ಸೀರೆಗಳು ಬಹಳ ಕಡಿಮೆಯಾದವು. ಅಂಚಿನ ತೂತು ನೋಡಿ “ಹಾಳಾದ ಸೀರೆ ಕಳಿಸಿದ್ದೀರಿ” ಎನ್ನುತ್ತಿದ್ದವರು ಈಗ ಅದೇ ತೂತನ್ನು ಕೈಮಗ್ಗದ ಸಾಕ್ಷಿ ಎಂದು ವಿಮರ್ಶೆಯಲ್ಲಿ ಬರೆಯುತ್ತಾರೆ. ವಿವರಣೆಯಲ್ಲಿ ಮೊದಲೇ ಹೇಳಿದರೆ ಅದು ಸರಕಿನ ಗುಣವಾಗುತ್ತದೆ, ದೂರು ಬಂದ ಮೇಲೆ ಹೇಳಿದರೆ ನೆಪವಾಗುತ್ತದೆ.

ರವಿಕೆ ಬಟ್ಟೆಯ ಮಾತು ಚಿಕ್ಕದೆಂದು ಬಿಡಬೇಡಿ. ನಮ್ಮ ಕಡೆಯವರಿಗೆ ಇಳಕಲ್ ಸೀರೆಯ ಜೊತೆ ಗುಳೇದಗುಡ್ಡದ ಖಣದ ಕುಪ್ಪಸ ಎಂಬುದು ಹೇಳದೆಯೇ ಗೊತ್ತು. ಪುಣೆಯಲ್ಲೋ ದೆಹಲಿಯಲ್ಲೋ ಕುಳಿತು ಕೊಳ್ಳುವವರಿಗೆ ಸೀರೆ ಎಂದರೆ ಅದರಲ್ಲೇ ರವಿಕೆಯೂ ಇರುತ್ತದೆ ಎಂಬ ನಂಬಿಕೆ. ನಿಮಗೆ ಹೇಳಬೇಕಾಗಿಯೇ ಇಲ್ಲ ಎನಿಸಿದ ಸಂಗತಿಯೇ ಗಿರಾಕಿಗೆ ಮೋಸವಾಗಿ ಕಾಣುವುದುಂಟು.

ಫೋಟೋಗಳಿಗೂ ಇದೇ ಮಾತು. ಬೆಳಗಿನ ಹೊತ್ತು ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಬಣ್ಣ ಏರಿಸುವ ಫಿಲ್ಟರ್ ಬೇಡವೇ ಬೇಡ. ಸೀರೆ ಹಿಂದಿರುಗಿ ಬರಲು ಬಣ್ಣದ ವ್ಯತ್ಯಾಸಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ. ತೆಗೆದ ಫೋಟೋವನ್ನು ಕನಿಷ್ಠ ಎರಡು ಬೇರೆ ಬೇರೆ ಮೊಬೈಲ್‌ಗಳಲ್ಲಿ ಸೀರೆಯ ಪಕ್ಕದಲ್ಲಿಟ್ಟು ಹೋಲಿಸಿ. ಪೂರ್ತಿ ಸೀರೆ, ದಡಿಯ ಹತ್ತಿರದ ನೋಟ, ಸೆರಗು, ಹಿಂಬದಿಯ ಕೊಂಡಿಯ ಗೆರೆ, ಕುಂದೇನಾದರೂ ಇದ್ದರೆ ಅದರದೇ ಒಂದು ಫೋಟೋ ಇಷ್ಟೂ ಇರಲಿ. ಇನ್ನೊಬ್ಬರ ಪುಟದಿಂದ ಫೋಟೋ ಎತ್ತಿಕೊಂಡರೆ ನೀವು ಕಣ್ಣಿಂದ ನೋಡದ ಸೀರೆಗೆ ಮಾತು ಕೊಟ್ಟಂತಾಗುತ್ತದೆ.

ನಾಲ್ಕನೆಯ ಹೆಜ್ಜೆ: ಇದ್ದಷ್ಟೇ ತೋರಿಸಿ, ಹೇಳಿದ ದಿನ ಕಳಿಸಿ

ಒಂದೇ ಸೀರೆಯನ್ನು ಎರಡು ತಾಣಗಳಲ್ಲಿ ಹಾಕಿ, ಒಂದೇ ಸಂಜೆ ಎರಡೂ ಕಡೆಯಿಂದ ಆರ್ಡರ್ ಬಂದರೆ ಒಬ್ಬರಿಗೆ ಇಲ್ಲವೆನ್ನಲೇಬೇಕು. ಆ ರದ್ದತಿ ನಿಮ್ಮ ಲೆಕ್ಕಕ್ಕೆ. ಕೈಮಗ್ಗದ ಸರಕಿನಲ್ಲಿ ಒಂದೊಂದು ಬಣ್ಣದ್ದು ಒಂದೊಂದೇ ಇರುವುದರಿಂದ ಈ ಅಪಾಯ ಹೆಚ್ಚು. ಒಂದೇ ಪ್ರತಿ ಇರುವುದನ್ನು ಒಂದೇ ತಾಣದಲ್ಲಿ ಹಾಕಿ. ಹಲವು ಪ್ರತಿ ಇದ್ದರೆ ತಾಣಗಳಿಗೆ ಹಂಚಿ, ಒಂದನ್ನು ಎಲ್ಲಿಯೂ ತೋರಿಸದೆ ಕಪಾಟಿನಲ್ಲಿಡಿ. ಕಲೆ ಬಿದ್ದ ಸೀರೆಗೆ ಬದಲಿ ಕಳಿಸಲು ಅದು ಬೇಕಾಗುತ್ತದೆ.

ರವಾನೆಯ ಅವಧಿಯನ್ನು ನಿಮ್ಮ ಒಳ್ಳೆಯ ದಿನವನ್ನು ನೋಡಿ ನಿಗದಿ ಮಾಡಬೇಡಿ. ಮನೆಯಲ್ಲಿ ಮಗುವಿಗೆ ಜ್ವರ, ಹೊರಗೆ ಮಳೆ, ಕರೆಂಟ್ ಇಲ್ಲ ಎಂಬ ದಿನವೂ ಕಳಿಸಬಲ್ಲಿರಾ ಎಂದು ಕೇಳಿಕೊಂಡು ನಿಗದಿ ಮಾಡಿ. ಎರಡು ದಿನ ಎಂದು ಹೇಳಿ ಒಂದೇ ದಿನಕ್ಕೆ ಕಳಿಸಿದರೆ ಗಿರಾಕಿ ಸಂತೋಷಪಡುತ್ತಾರೆ. ಒಂದು ದಿನ ಎಂದು ಹೇಳಿ ಎರಡು ದಿನಕ್ಕೆ ಕಳಿಸಿದರೆ ಅದೇ ಎರಡು ದಿನ ತಡವೆನಿಸಿಕೊಳ್ಳುತ್ತದೆ. ಗೌರಿ ಹಬ್ಬ, ದಸರಾ, ದೀಪಾವಳಿಯ ಮುಂಚೆ ಆರ್ಡರ್ ಏರುತ್ತದೆ, ಕೊರಿಯರ್ ನಿಧಾನವಾಗುತ್ತದೆ, ನೇಕಾರರ ಮನೆಯಲ್ಲಿಯೂ ಹಬ್ಬವಿರುತ್ತದೆ. ಊರಿಗೆ ಹೋಗುವುದಾದರೆ ಖಾತೆಯನ್ನು ರಜೆಗೆ ಹಾಕಿಯೇ ಹೊರಡಿ.

ಐದನೆಯ ಹೆಜ್ಜೆ: ಕಟ್ಟುವುದು

ಸೀರೆಯನ್ನು ಮೊದಲು ತೆಳು ಕಾಗದದಲ್ಲಿ, ಆಮೇಲೆ ನೀರು ಇಳಿಯದ ಕವರಿನಲ್ಲಿ, ಕೊನೆಗೆ ಗಟ್ಟಿ ಹೊರಕವಚದಲ್ಲಿ ಕಟ್ಟಿ. ಮಳೆಗಾಲದಲ್ಲಿ ಕವರಿನ ಬಾಯಿಯನ್ನು ಎರಡು ಸುತ್ತು ಅಂಟಿಸಿ. ಒಗೆಯುವ ವಿಧಾನವನ್ನು ಕನ್ನಡದಲ್ಲಿಯೂ ಇಂಗ್ಲಿಷ್‌ನಲ್ಲಿಯೂ ಬರೆದ ಒಂದು ಚೀಟಿ ಇಡಿ.

ಕಟ್ಟುವುದನ್ನು ವಿಡಿಯೊ ಮಾಡಿಕೊಳ್ಳಿ: ಆರ್ಡರ್ ಚೀಟಿ, ಬಿಚ್ಚಿದ ಸೀರೆ, ಮುಚ್ಚಿದ ಪೊಟ್ಟಣ ಮೂರೂ ಒಂದೇ ಓಟದಲ್ಲಿ ಕಾಣಬೇಕು. ಹಿಂದಿರುಗಿ ಬಂದ ಪೊಟ್ಟಣ ಬಿಚ್ಚುವಾಗಲೂ ಹಾಗೆಯೇ. ಉಟ್ಟು, ಫಾಲ್ ಹೊಲಿದು ಹಿಂದಿರುಗಿಸಿದ ಸೀರೆಗಳು ಬಂದಿವೆ. ಹಳೆಯ ಸೀರೆಯನ್ನೇ ಮಡಿಚಿ ಕಳಿಸಿದವರೂ ಇದ್ದಾರೆ. ಇಂತಹ ನಷ್ಟಕ್ಕೆ ಪರಿಹಾರ ಕೇಳಲು ತಾಣಗಳಲ್ಲಿ ಮಾರಾಟಗಾರರಿಗೆ ಅವಕಾಶವಿದೆ, ಆದರೆ ಗಡುವು ಕಡಿಮೆ, ಸಾಕ್ಷಿ ಬೇಕು. ವಿಡಿಯೊ ಇಲ್ಲದೆ ಗಿರಾಕಿಯ ಮೇಲೆ ಆರೋಪ ಮಾಡಬೇಡಿ. ನೂರರಲ್ಲಿ ಒಬ್ಬರ ಮೋಸಕ್ಕೆ ಸಿಟ್ಟಾಗಿ ಉಳಿದವರನ್ನು ಅನುಮಾನದಿಂದ ಮಾತನಾಡಿಸಿದರೆ, ಆ ಧ್ವನಿ ನಿಮ್ಮ ಪ್ರತಿ ಉತ್ತರದಲ್ಲೂ ಇಣುಕುತ್ತದೆ.

ಆರನೆಯ ಹೆಜ್ಜೆ: ದೂರು ಬಂದಾಗ

2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು ತಾಣಗಳಿಗಷ್ಟೇ ಅಲ್ಲ, ಅಲ್ಲಿ ಮಾರುವ ನಮಗೂ ಅನ್ವಯಿಸುತ್ತವೆ. ಮಾರಾಟಗಾರರ ಕಡೆ ಕುಂದುಕೊರತೆ ನೋಡಿಕೊಳ್ಳುವ ಒಬ್ಬ ಅಧಿಕಾರಿ ಇರಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸರಕು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ಇದು ಕಾನೂನಿನ ಕನಿಷ್ಠ. ಹೆಸರು ಉಳಿಸಿಕೊಳ್ಳಬೇಕೆಂದರೆ ಅದೇ ದಿನ ಉತ್ತರಿಸಿ.

ಉತ್ತರದಲ್ಲಿ ಮೊದಲು ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಮತ್ತೆ ಹೇಳಿ, ಆಮೇಲೆ ಪರಿಹಾರ, ಕೊನೆಗೆ ದಿನಾಂಕ. ಉದಾಹರಣೆಗೆ: “ನಮಸ್ಕಾರ ಮೇಡಂ. ಸೆರಗಿನ ಕೆಂಪು ಒಡಲಿಗೆ ಹತ್ತಿರುವ ಫೋಟೋ ನೋಡಿದೆ. ಹೀಗಾಗಬಾರದಿತ್ತು, ಕ್ಷಮಿಸಿ. ಬೇರೆ ಸೀರೆ ಬೇಕೇ, ಹಣ ಬೇಕೇ ತಿಳಿಸಿ. ಸೀರೆಯೆಂದರೆ ನಾಳೆ ಸಂಜೆಯೊಳಗೆ ಕಳಿಸುತ್ತೇನೆ. ಹಣವೆಂದರೆ ಇವತ್ತೇ ವಾಪಸಾತಿಗೆ ಒಪ್ಪಿಗೆ ಕೊಡುತ್ತೇನೆ.” ಬಿಸಿನೀರಿನಲ್ಲಿ ನೆನೆಸಿದಿರಾ ಎಂಬ ಪ್ರಶ್ನೆ ಮೊದಲ ಸಂದೇಶದಲ್ಲಿ ಬೇಡ. ಅದು ನಿಜವಾಗಿದ್ದರೂ ಅವರ ಕಿವಿಗೆ “ತಪ್ಪು ನಿಮ್ಮದೇ” ಎಂದು ಬೀಳುತ್ತದೆ. ಪರಿಹಾರ ಸಿಕ್ಕ ಮೇಲೆ ಅವರೇ ನಿಜ ಹೇಳುತ್ತಾರೆ, ಆಗ ಮುಂದಿನ ಸೀರೆಯನ್ನು ಹೇಗೆ ಒಗೆಯಬೇಕೆಂದು ತಿಳಿಸಬಹುದು.

ಪ್ರತಿ ದೂರನ್ನು ಒಂದು ವಹಿಯಲ್ಲಿ ಬರೆದಿಡಿ: ದಿನಾಂಕ, ಯಾವ ಮಗ್ಗದ ಸರಕು, ಏನು ಆಯಿತು. ಒಂದೇ ಮಗ್ಗದ ಕೆಂಪು ಮೂರು ಸಲ ಬಣ್ಣ ಬಿಟ್ಟಿದೆ ಎಂದು ನನಗೆ ಗೊತ್ತಾದದ್ದು ಆ ವಹಿಯಿಂದ. ನೇಕಾರರ ಮನೆಗೆ ಹೋಗಿ ಮಾತನಾಡಿದಾಗ ಅವರು ಬಣ್ಣ ಹಾಕಿಸುವ ಕಡೆಯನ್ನೇ ಬದಲಿಸಿದ್ದು ತಿಳಿಯಿತು.

ಏಳನೆಯ ಹೆಜ್ಜೆ: ಕೆಟ್ಟ ವಿಮರ್ಶೆ ಮತ್ತು ಕೊಳ್ಳುವ ವಿಮರ್ಶೆ

ಅಮೆಜಾನ್‌ನಂತಹ ತಾಣಗಳಲ್ಲಿ ಸರಕಿನ ವಿಮರ್ಶೆ ಬೇರೆ, ಮಾರಾಟಗಾರರ ಬಗೆಗಿನ ಅಭಿಪ್ರಾಯ ಬೇರೆ. ಗಿರಾಕಿಗಳು ಎರಡನ್ನೂ ಬೆರೆಸುತ್ತಾರೆ. ಮಾರಾಟಗಾರರ ಜಾಗದಲ್ಲಿ ಪೂರ್ತಿ ಸರಕಿನ ಬಗ್ಗೆಯೇ ಬರೆದಿದ್ದರೆ, ಬೈಗುಳ ಅಥವಾ ಯಾರದ್ದಾದರೂ ಖಾಸಗಿ ವಿವರ ಇದ್ದರೆ ತೆಗೆಯುವಂತೆ ಕೇಳಬಹುದು. ನಿಜವಾದ ದೂರಿದ್ದರೆ ಅದು ಅಲ್ಲೇ ಇರಲಿ. ಅದರ ಕೆಳಗೆ ಶಾಂತವಾದ ಎರಡು ಸಾಲು ಉತ್ತರ ಬರೆಯಿರಿ. ಆ ಉತ್ತರ ದೂರು ಬರೆದವರಿಗಿಂತ ಹೆಚ್ಚಾಗಿ, ಮುಂದೆ ಕೊಳ್ಳಲು ಬಂದು ಅದನ್ನು ಓದುವವರಿಗೆ. ನಾನಂತೂ ಬೇರೆಯವರಿಂದ ಏನಾದರೂ ಕೊಳ್ಳುವಾಗ ಒಂದು ನಕ್ಷತ್ರದ ವಿಮರ್ಶೆಯನ್ನೂ ಅದಕ್ಕೆ ಮಾರಾಟಗಾರರು ಕೊಟ್ಟ ಉತ್ತರವನ್ನೂ ಮೊದಲು ಓದುತ್ತೇನೆ.

ವಿಮರ್ಶೆ ಬದಲಿಸಿದರೆ ಹಣ ಕೊಡುತ್ತೇನೆ ಎನ್ನಬೇಡಿ. ಐದು ನಕ್ಷತ್ರ ಕೊಟ್ಟರೆ ಉಡುಗೊರೆ ಎಂಬ ಚೀಟಿ ಪೊಟ್ಟಣದಲ್ಲಿ ಇಡಬೇಡಿ. ನೆಂಟರಿಷ್ಟರಿಂದ ಬರೆಸಬೇಡಿ. ನಕ್ಷತ್ರ ಹೆಚ್ಚಿಸಿ ಕೊಡುತ್ತೇವೆ ಎಂದು ಕರೆ ಮಾಡುವವರಿಗೆ ಹಣವನ್ನೂ ಖಾತೆಯ ಪಾಸ್‌ವರ್ಡ್ ಅನ್ನೂ ಕೊಡಬೇಡಿ. ಮಾರಾಟಗಾರ ತಾನೇ ಗ್ರಾಹಕನೆಂಬಂತೆ ವಿಮರ್ಶೆ ಬರೆಯುವುದನ್ನು 2020ರ ನಿಯಮಗಳು ನಿಷೇಧಿಸಿವೆ. ಆನ್‌ಲೈನ್ ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಿ ಪ್ರಕಟಿಸಬೇಕೆಂದು 2022ರ ನವೆಂಬರ್‌ನಲ್ಲಿ ಬಿಐಎಸ್ ಐಎಸ್ 19000 ಎಂಬ ಮಾನದಂಡವನ್ನೂ ತಂದಿದೆ. ಕಾನೂನಿನ ಭಯ ಬದಿಗಿರಲಿ, ಕೊಂಡ ಹೊಗಳಿಕೆ ಸೀರೆಯ ಕೆಂಪನ್ನು ಗಟ್ಟಿ ಮಾಡುವುದಿಲ್ಲ. ಮುಂದಿನ ಗಿರಾಕಿಯ ನಿರೀಕ್ಷೆಯನ್ನು ಏರಿಸಿ, ನಿರಾಶೆಯನ್ನು ದೊಡ್ಡದು ಮಾಡುತ್ತದೆ, ಅಷ್ಟೇ.

ನ್ಯಾಯವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ಅಮೆಜಾನ್‌ನಲ್ಲಿ ಸರಕು ತಲುಪಿದ 5ರಿಂದ 30 ದಿನಗಳ ನಡುವೆ ವಿಮರ್ಶೆ ಕೋರುವ ಒಂದು ಗುಂಡಿ ಇದೆ. ಎಲ್ಲರಿಗೂ ಒಂದೇ ಬಗೆಯ ಸಂದೇಶ ಹೋಗುತ್ತದೆ. ಖುಷಿಯಾದವರನ್ನು ಮಾತ್ರ ಆರಿಸದೆ ಎಲ್ಲರಿಗೂ ಒತ್ತಿ.

ಎಂಟನೆಯ ಹೆಜ್ಜೆ: ವಾರಕ್ಕೊಮ್ಮೆ ಕುಳಿತು ನೋಡುವುದು

ಸೋಮವಾರ ಬೆಳಿಗ್ಗೆ ಆರ್ಡರ್ ಕಟ್ಟುವ ಮೊದಲು ಅರ್ಧ ಗಂಟೆ ಇದಕ್ಕೆಂದೇ ಇಡಿ. ದೋಷ, ರದ್ದತಿ, ತಡ ಈ ಮೂರು ಅಂಕಿ ನೋಡಿ. ಹಿಂದಿರುಗಿ ಬಂದ ಪ್ರತಿ ಸೀರೆಗೆ ಗಿರಾಕಿ ಕೊಟ್ಟ ಕಾರಣ ಓದಿ. “ಬಣ್ಣ ಬೇರೆ” ಎಂದಿದ್ದರೆ ಫೋಟೋ ಬದಲಿಸಿ. “ಹೇಳಿದಂತಿಲ್ಲ” ಎಂದಿದ್ದರೆ ವಿವರಣೆ ತೆರೆದು ಯಾವ ಸಾಲು ಹಾಗೆ ನಂಬಿಸಿತೆಂದು ಹುಡುಕಿ. ನಿಮ್ಮ ಪುಟಕ್ಕೆ ಬೇರೆ ಯಾರಾದರೂ ಅಂಟಿಕೊಂಡು ನಕಲು ಮಾರುತ್ತಿದ್ದಾರೆಯೇ ಎಂದೂ ಪರಿಶೀಲಿಸಿ. ಹಾಗಾದರೆ ಅವರ ಸೀರೆಯ ದೂರೂ ನಿಮ್ಮ ಸೀರೆಯ ಪುಟದಲ್ಲೇ ಬೀಳುತ್ತದೆ. ಅಂಗಡಿಯ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿದ್ದರೆ ಅಂತಹವರನ್ನು ತೆಗೆಸುವುದು ಸುಲಭ.

ಖಾತೆ ತಡೆಹಿಡಿದಿದ್ದೇವೆ ಎಂಬ ಸಂದೇಶ ಬಂದರೆ ಗಾಬರಿಯಲ್ಲಿ ಹೊಸ ಖಾತೆ ತೆರೆಯಬೇಡಿ. ಹಳೆಯದರ ನಂಟು ಯಂತ್ರಕ್ಕೆ ಸಿಕ್ಕರೆ ಎರಡೂ ಹೋಗುತ್ತವೆ. ಏನು ತಪ್ಪಾಯಿತು, ಬಾಧಿತ ಗಿರಾಕಿಗಳಿಗೆ ಏನು ಮಾಡಿದಿರಿ, ಮತ್ತೆ ಆಗದಂತೆ ಯಾವ ಬದಲಾವಣೆ ತಂದಿರಿ ಎಂಬ ಮೂರನ್ನು ಬಿಲ್ಲು, ಫೋಟೋಗಳ ಜೊತೆ ಚಿಕ್ಕದಾಗಿ ಬರೆದು ಕಳಿಸಿ. ದೂರಿನ ವಹಿ ಆಗ ಕೈಗೆ ಬರುತ್ತದೆ. ನನ್ನದರ ಮೊದಲ ಪುಟದಲ್ಲಿ ಆ ಏಳು ಸೀರೆಗಳ ಲೆಕ್ಕವಿದೆ, ಪಕ್ಕದಲ್ಲಿ ಸುಟ್ಟು ನೋಡಿದ ಎಳೆಯನ್ನು ಟೇಪಿನಿಂದ ಅಂಟಿಸಿದ್ದೇನೆ. ಹೊಸ ಗಂಟು ಬಿಚ್ಚುವ ದಿನ ಮೊದಲು ಆ ಪುಟ ತೆರೆದು, ಆಮೇಲೆ ಬೆಂಕಿಪೆಟ್ಟಿಗೆ ಹುಡುಕುತ್ತೇನೆ.